ಮೈನಸ್ ನಲವತ್ತು

ಟೊಮೆಟೊ ಮಂಡಿಯ ಹಿಂದೆ, ಕೊಳೆತದ್ದು ರಾಶಿ ಬೀಳುವ ಕಡೆ
ನಮ್ಮ ಗ್ಯಾಸಿನ ಘಟಕ.
ಲಾರಿಗಟ್ಟಲೆ ಕೆಂಪು ಸೋರುತ್ತ ಬಂದು
ಡೈಜೆಸ್ಟರಿನ ಹೊಟ್ಟೆಗೆ ಇಳಿಯುತ್ತದೆ,
ಇಪ್ಪತ್ತೈದು ದಿನಕ್ಕೆ ಉಸಿರಾಗುತ್ತದೆ.
ಆದರೆ ಒದ್ದೆ ಉಸಿರು.
ಅದನ್ನು ಒಣಗಿಸುವುದು ನನ್ನ ಕೆಲಸ.

ಕೇಳಿದವರು ನಗುತ್ತಾರೆ. ಅಮ್ಮಿಯೂ ನಕ್ಕಿದ್ದಳು:
"ಕೋಲಾರದಲ್ಲಿ ನೀರು ತೆಗೆದು ಚೆಲ್ಲೋಕೆ ಸಂಬಳಾನಾ?"

ಸಾವಿರದ ಇನ್ನೂರು ಅಡಿಯಿಂದ ಎತ್ತಿದ ನೀರು
ತೊಟ್ಟಿಕ್ಕಿ ಬೇರಿಗೆ ಹೋಗಿ, ಹಣ್ಣಾಗಿ, ಕೊಳೆತು,
ಈಗ ಗ್ಯಾಸಿನೊಳಗೆ ಕಾಣದ ಹಾಗೆ ಕೂತಿದೆ,
ಮದುವೆ ಬಸ್ಸಿಗೆ ಕರೆಯದೆ ಹತ್ತಿಕೊಂಡವರ ಹಾಗೆ,
ಕಿಟಕಿಯ ಕಡೆ ಮುಖ ಮಾಡಿ.

ಆರೋಗ್ಯಸ್ವಾಮಿ ಅಂಕಲ್ ನನಗೆ ಕಲಿಸಿದ್ದು.
ಕೆಜಿಎಫ್ ಗಣಿಯಲ್ಲಿ ಪಂಪಿನವರು; ಇಪ್ಪತ್ತೆರಡು ವರ್ಷ
ನೆಲದಡಿಯ ನೀರನ್ನು ಮೇಲಕ್ಕೆ ಎತ್ತಿದ್ದೇ ಎತ್ತಿದ್ದು.
ಗಣಿ ಮುಚ್ಚಿತು, ಪಂಪು ನಿಂತವು. ನೀರು ನಿಲ್ಲಲಿಲ್ಲ.
"ನಾನು ನಿಂತಿದ್ದ ಜಾಗ ಈಗ ನೀರೊಳಗದೆ, ನಗೀನಾ,
ಟಿಫನ್ ಡಬ್ಬಿ ಇಡ್ತಿದ್ದ ಕಲ್ಲೂ ಸೇರಿ."
ಇಷ್ಟು ಹೇಳಿ ಸ್ಪ್ಯಾನರ್ ಒರೆಸುತ್ತಾರೆ.

ಮೊದಲು ಚಳಿ ಹಿಡಿಸಬೇಕು. ಚಿಲ್ಲರಿನ ಕೊಳವೆಯಲ್ಲಿ
ಗ್ಯಾಸು ನಡುಗಿ ಮುಕ್ಕಾಲು ನೀರು ಅಲ್ಲೇ ಬಿಡುತ್ತದೆ.
ಡ್ರೈನ್ ವಾಲ್ವ್ ತಿರುಗಿಸಿದರೆ ಬಕೆಟ್ಟಿಗೆ,
ಕೊಳೆತ ಮೊಟ್ಟೆಯ ವಾಸನೆ, ಕಬ್ಬಿಣ ತಿನ್ನುವ ಹುಳಿ.
ಒಮ್ಮೆ ಗೇಟಿನ ಪಕ್ಕದ ಕಣಗಿಲೆಗೆ ಹಾಕಿದ್ದೆ.
ವಾರದಲ್ಲಿ ತಲೆ ಬಗ್ಗಿಸಿತು.

ಉಳಿದದ್ದು ಹಠಮಾರಿ ನೀರು. ಅದಕ್ಕೆ ಎರಡು ಗೋಪುರ.
ಒಳಗೆ ಮಣಿಗಳು, ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ,
ಒಂದೊಂದರ ಮೈತುಂಬ ಬಾಯಿ.
ಒಂದು ಗೋಪುರ ಕುಡಿಯುವಾಗ ಇನ್ನೊಂದು ಕಾಯುತ್ತದೆ,
ಇನ್ನೂರ ಮೂವತ್ತು ಡಿಗ್ರಿ, ಕುಡಿದದ್ದನ್ನೆಲ್ಲ ಕಕ್ಕುವ ತನಕ;
ಆಮೇಲೆ ತಣಿದು, ಪಾಳಿ ಬದಲು.
ಅವುಗಳದ್ದೂ ಎಂಟು ಗಂಟೆ, ನನ್ನದೂ.
ನಾನು ಮನೆಗೆ ಹೋಗಿ ಕಾಯುವುದಿಲ್ಲ, ಮಲಗುತ್ತೇನೆ.

ಮೀಟರಿನಲ್ಲಿ ಮೈನಸ್ ನಲವತ್ತು ಇರಬೇಕು.
ಪುಸ್ತಕದಲ್ಲಿ ಅದರ ಹೆಸರು ಇಬ್ಬನಿ ಬಿಂದು.
ಎಂಥ ಹೆಸರು, ಹುಲ್ಲಿನ ತುದಿಯಿಂದ ಕದ್ದು ತಂದ ಹಾಗೆ!
ಅಷ್ಟು ಚಳಿಗೆ ತಳ್ಳುವ ತನಕ ಒಂದು ಹನಿಯೂ ಮೂಡದಿದ್ದರೆ
ಒಣಗಿದೆ ಎಂದರ್ಥ.

ಡಿಸೆಂಬರಿನ ಒಂದು ರಾತ್ರಿ
ಪಾಳಿ ಬದಲಿಸುವ ವಾಲ್ವ್ ಕಚ್ಚಿಕೊಂಡಿತು.
ಮೈನಸ್ ಮೂವತ್ತೊಂದು. ಮೈನಸ್ ಹದಿನೆಂಟು. ನಾನು
ಫೋನಿನಲ್ಲಿ ಮಗನ ಜ್ವರ ಎಷ್ಟೆಂದು ಕೇಳುತ್ತಿದ್ದೆ.
ನೂರ ಮೂರು, ಎಂದಳು ಅಮ್ಮಿ.
ತಿರುಗಿ ನೋಡುವ ಹೊತ್ತಿಗೆ ಮೈನಸ್ ಆರು,
ಸಿಲಿಂಡರು ತುಂಬಿದ ಗಾಡಿ ಗೇಟು ದಾಟಿತ್ತು.

ಬೆಳಿಗ್ಗೆ ಗಡಿಯಾರ ಗೋಪುರದ ಹತ್ತಿರ
ಬ್ಯಾಟಪ್ಪನ ಆಟೊ ನಿಂತಿತು.
ಇನ್ನೂರು ಬಾರ್ ಒತ್ತಡ ಒಮ್ಮೆಗೇ ಇಳಿಯುವ ಆ ಸಣ್ಣ ಕಿಂಡಿಯಲ್ಲಿ
ಮಂಜುಗಡ್ಡೆ, ಅಕ್ಕಿಕಾಳಿನಷ್ಟು.
"ಏನಮ್ಮಾ, ನಿಮ್ ಗ್ಯಾಸಿಗೆ ನೆಗಡಿ ಬಂದೈತೆ," ಎಂದ ಫೋನಿನಲ್ಲಿ.
ಬೈಯಲಿಲ್ಲ. ಟೀ ಅಂಗಡಿಯಿಂದ ಬಿಸಿನೀರು ತಂದು ಸುರಿದು
ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತನಂತೆ.

ಅಂಕಲ್ ಲಾಗ್ ಪುಸ್ತಕ ತೆರೆದು ಪೆನ್ನು ಕೊಟ್ಟರು.
ವಾಲ್ವಿನ ತಪ್ಪು ಬರೆದೆ. ತಡೆದು,
ಅದರ ಕೆಳಗೆ ನನ್ನದನ್ನೂ.
ಓದಿದರು. ಸಹಿ ಹಾಕಿದರು.
"ನೀರೇನು ಬುದ್ಧಿವಂತ ಅಲ್ಲಮ್ಮ. ಅದಕ್ಕೆ ಪುರುಸೊತ್ತು ಜಾಸ್ತಿ, ಅಷ್ಟೇ."

ಮನೆಗೆ ಬಂದರೆ ಮಗನ ಜ್ವರ ಬಿಟ್ಟಿತ್ತು.
ಹಣೆ, ಕತ್ತು, ಅಂಗಿ, ದಿಂಬು
ಎಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆ.
ಅಮ್ಮಿ ಟವಲ್ ಕೊಟ್ಟಳು.
ಒರೆಸಲು ಕೈ ಎತ್ತಿದವಳು
ಒರೆಸದೆ, ಸ್ವಲ್ಪ ಹೊತ್ತು,
ಆ ಒದ್ದೆಯನ್ನು ಮುಟ್ಟಿಕೊಂಡೇ ಕೂತೆ.