ಏಳನೆಯ ಚೀಟಿ

ಮಂಜೇಶ್ವರದ ಹಳಿಯ ಈಚೆ, ಹೆಂಚಿನ ಸಣ್ಣ ದೇವಾಲಯದ ಹಿಂದೆ
ಆದಿತ್ಯವಾರದ ಶಾಲೆಗೆ ಇರುವುದು ಒಂದೇ ಕೋಣೆ, ಏಳು ಮಕ್ಕಳು,
ಮತ್ತೆ ನಾನು.
ನನ್ನ ಚೀಲದಲ್ಲಿ ದೇರಳಕಟ್ಟೆ ಆಸ್ಪತ್ರೆಯ ಲಕೋಟೆ,
ಶುಕ್ರವಾರದಿಂದ ತೆರೆದು ಮಡಚಿ, ತೆರೆದು ಮಡಚಿ
ಮೂಲೆ ಬಟ್ಟೆಯ ಹಾಗೆ ಮೆತ್ತಗಾದದ್ದು.

ಇವತ್ತಿನ ಪಾಠ: ಚಿಂತೆ ಮಾಡಬಾರದು.
ಪಾಠದ ಪಟ್ಟಿ ಮಾಡಿದ್ದು ನಾನಲ್ಲ.

ಪುಸ್ತಕದ ಚಿತ್ರದಲ್ಲಿ ಬಿಳಿ ಲಿಲ್ಲಿ ಹೂ.
"ಇದು ಎಲ್ಲಿ ಸಿಗುತ್ತದೆ ಟೀಚರ್?" ಕೆಜಿಯ ಕೇಳಿದಳು.
ಪುಸ್ತಕ ಮುಚ್ಚಿದೆ.
ಬೇಸಿಗೆಯಿಡೀ ಕಾವಲಿಯಂತೆ ಕಾದ ಮುರಕಲ್ಲಿನ ಪಾರೆಯಲ್ಲಿ
ಮಳೆ ಸ್ವಲ್ಪ ಬಿಟ್ಟದ್ದೇ ತಡ
ಉಗುರಿನಷ್ಟು ನೀಲಿ ಹೂ ಹಾಸಿಕೊಳ್ಳುತ್ತದಲ್ಲ,
ಅದಕ್ಕೆ ಗೊಬ್ಬರ ಹಾಕಿದವರು ಯಾರು, ಹೇಳಿ?
"ದನ," ಅಂದ ರೂಫಸ್.
ಎಲ್ಲರೂ ನಕ್ಕರು. ನಾನೂ.

ಹಕ್ಕಿಗಳ ಮಾತು ಬಂದಾಗ ಅವನೇ ಮತ್ತೆ ಎದ್ದ:
"ಗಿಡುಗನಿಗೆ ದೇವರೇ ಉಣಿಸುವುದಾದರೆ
ಮೊನ್ನೆ ನಮ್ಮ ಕೋಳಿಮರಿ ಎತ್ತಿಕೊಂಡು ಹೋಯಿತಲ್ಲ,
ಕೋಳಿಮರಿಯೂ ಹಕ್ಕಿಯೇ ತಾನೆ?"
ಅಷ್ಟರಲ್ಲಿ ಮಂಗಳೂರಿನ ಗಾಡಿ ಬಂತು. ಕಿಟಕಿ ನಡುಗಿತು.
ಎಷ್ಟೋ ವರ್ಷದಿಂದ ಈ ಗಾಡಿ
ಕಷ್ಟದ ಪ್ರಶ್ನೆಗಳ ಮೇಲೆ ಹಾದು
ಈ ಕೋಣೆಯ ಟೀಚರುಗಳನ್ನು ಕಾಪಾಡಿದೆ.
ಗಾಡಿ ಹೋದ ಮೇಲೂ ಅವನು ನಿಂತೇ ಇದ್ದ.
"ಗೊತ್ತಿಲ್ಲ ಮಗ," ಅಂದೆ.
"ಕೇಳುತ್ತಾ ಇರು. ದೇವರಿಗೆ ಸಿಟ್ಟು ಬರುವುದಿಲ್ಲ."

ಹಳೆಯ ಬಿಸ್ಕತ್ತಿನ ಡಬ್ಬಿ ಮೇಜಿನ ಮೇಲಿಟ್ಟೆ.
ಚಿಂತೆ ಬರೆದು ಹಾಕಿ, ಹೆಸರು ಬೇಡ.
(ಅಕ್ಷರ ನೋಡಿದರೆ ಹೆಸರು ಗೊತ್ತಾಗದೆ ಇರುತ್ತದೆಯೇ.)

ಹೈವೇ ನಮ್ಮ ಬಾವಿಯ ಕಟ್ಟೆವರೆಗೆ ಬಂತು, ಒಂದು ಚೀಟಿ.
ಕಡಲು ತೆಂಗಿನ ಮೂರನೆಯ ಸಾಲಿಗೆ, ಇನ್ನೊಂದು.
ಅಮ್ಮ ಕುವೈಟಿನಿಂದ ಕ್ರಿಸ್ಮಸ್ಸಿಗೆ ಬರುವುದಿಲ್ಲವಂತೆ, ಹೋದ ವರ್ಷವೂ ಬಂದಿಲ್ಲ.
ಕಾಣಿಕೆಯ ಐದು ರೂಪಾಯಿಗೆ ಐಸ್‌ಕ್ಯಾಂಡಿ ತಿಂದೆ, ನರಕ ಎಷ್ಟು ದಿನ?
ಮಲಯಾಳದ 'ೞ'ಕ್ಕೆ ನಾಲಿಗೆ ಮಡಚುವುದಿಲ್ಲ, ಕ್ಲಾಸಲ್ಲಿ ನಗುತ್ತಾರೆ.
(ಒಂದು ಕಾಲದಲ್ಲಿ ಆ ಅಕ್ಷರ ಕನ್ನಡದಲ್ಲೂ ಇತ್ತು ಮಗೂ.
ಎಲ್ಲೋ ಕಳೆದುಕೊಂಡೆವು. ಯಾರೂ ಸಾಯಲಿಲ್ಲ.)
ಆರನೆಯದರಲ್ಲಿ ಒಂದೇ ಶಬ್ದ: ಕೋಳಿಮರಿ.

ಏಳನೆಯದು ಖಾಲಿ.

ಸೀಲ, ನಾಲ್ಕೂವರೆ ವರ್ಷ, ತೋಳಿಗೆ ಮೂಗು ಒರೆಸಿಕೊಂಡು:
"ನನಗೆ ಬರೆಯಲಿಕ್ಕೆ ಬರುವುದಿಲ್ಲ.
ದೇವರಿಗೆ ಓದಲಿಕ್ಕೆ ಬರುತ್ತದಲ್ಲ."

ಹೇಳಬೇಕೆಂದು ನಾನು ಮನೆಯಿಂದ ತಂದದ್ದು ಅಜ್ಜಿಯ ಮಾತು:
ಇವತ್ತಿನ ಕೊಡ ಇವತ್ತು ತಾ,
ನಾಳೆಯ ಕೊಡ ನಾಳೆಯ ಬಾವಿಯಲ್ಲೇ ಇರಲಿ.
ಎರಡನ್ನೂ ಒಂದೇ ಸೊಂಟಕ್ಕೆ ಇಟ್ಟರೆ
ದಾರಿಯಲ್ಲಿ ಚೆಲ್ಲುವುದು ಇವತ್ತಿನದೇ.
ಹೇಳಿದೆ. ತಬಿತ ಕೈಯೆತ್ತಿದಳು, ಹೈವೇಯ ಚೀಟಿಯವಳು:
"ನಾಳೆ ಬಾವಿಯೇ ಇಲ್ಲದಿದ್ದರೆ?"

ಅಜ್ಜಿಗೆ ಹೈವೇ ಗೊತ್ತಿರಲಿಲ್ಲ.
ನಾನು ಬಾಯಿ ತೆರೆಯುವ ಮೊದಲೇ ರೂಫಸ್,
"ನಮ್ಮ ಬಾವಿಗೆ ಬಾ," ಅಂದ.
"ಹಗ್ಗ ಮಾತ್ರ ಸವೆದಿದೆ."

ಡಬ್ಬಿಯ ಮೇಲೆ ಏಳು ಕೈ, ಒಂದರ ಮೇಲೊಂದು,
ಒಂದು ಇನ್ನೂ ಅಂಟಂಟು.
ಗಟ್ಟಿಯಾಗಿ ಆಮೆನ್ ಹೇಳಿ, ಚಪ್ಪಲಿ ಅದಲುಬದಲು ಮಾಡಿಕೊಂಡು
ಓಡಿದರು.

ಕೋಣೆ ಗುಡಿಸಿ, ಬೀಗ ಹಾಕುವ ಮೊದಲು
ನಾನೂ ಒಂದು ಕಾಗದ ಹರಿದೆ. ಪೆನ್ನು ತೆಗೆದೆ.
ಆ ಲಕೋಟೆಯೊಳಗೆ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳು,
ಕನ್ನಡದಲ್ಲಿ ಬರೆಯ ಹೊರಟರೆ ಕೈ ಏಳುವುದಿಲ್ಲ.
ಖಾಲಿಯಾಗಿಯೇ ಮಡಚಿ ಹಾಕಿದೆ.
ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಹಳೆಯ ಡಬ್ಬಿ.

ನಾಳೆ ಹತ್ತು ಗಂಟೆಗೆ ಬರಲು ಹೇಳಿದ್ದಾರೆ ಡಾಕ್ಟರು.
ಅದು ನಾಳೆಯ ಕೊಡ.
ಇವತ್ತು ಮಧ್ಯಾಹ್ನಕ್ಕೆ, ಉಪ್ಪು ಸವರಿಟ್ಟ ಬಂಗುಡೆ ಇದೆ,
ಸಂಜೆ, ಬಿಸಿಲು ಇಳಿದ ಮೇಲೆ,
ರೂಫಸನ ಮನೆಗೆ ಒಂದು ಹೊಸ ಹಗ್ಗ ಕೊಂಡುಹೋಗಬೇಕು.