ಪೈಪಿನಾಗ ಬೇರು

ಇಪ್ಪತ್ತೆರಡು ವರ್ಷ ಆತು,
ಶಹಾಬಾದದಾಗ ಪೈಪಿನ ತೂತು ಮುಚ್ಚಿಕೋತ ಬಂದಾಂವ ನಾ.
ನುಸ್ರತ್ ಟೀಚರ್ ಹೊಸಾ ನಾಕಿಂಚಿನ ಪೈಪು ಮುಂದಿಟ್ಟು
"ಗೇಣಿಗೊಂದು ತೂತು ಹಾಕು ದೇವಿಂದ್ರ" ಅಂದಾಗ
ಡ್ರಿಲ್ಲು ಕೈಯಾಗೇ ನಿಂತಿತು.
ತಲಿಗಿಲಿ ಬರೋಬ್ಬರಿ ಅದೇನ್ರಿ ಅಂತ ಕೇಳಾಂವಿದ್ದೆ.
ಕೂಲಿ ಮೊದಲೇ ಕೊಟ್ಟಿದ್ರು, ಸುಮ್ಮನಾದೆ.

ನಮ್ಮೂರಾಗ ನೆಲ ಫರಸಿ, ಗ್ವಾಡಿ ಫರಸಿ,
ಮಾಳಿಗಿ ಫರಸಿ, ಒಲಿ ಮುಂದ ಕೂಡೂ ಹಾಸು ಸೈತ ಫರಸಿ.
ಗುದ್ದಲಿ ಹಾಕಿದ್ರ ಠಣ್ ಅಂತದ, ಕಿಡಿ ಹಾರತದ.
ಮಣ್ಣು ಬೇಕಂದ್ರ ಚೀಲದ ಲೆಕ್ಕದಾಗ ತರಬೇಕು.

"ಗಿಡಕ್ಕ ಮಣ್ಣು ಬೇಕಿಲ್ಲೋ," ಅಂದ್ರು ಟೀಚರ್,
"ಮಣ್ಣಾಗಿರೂದು ಬೇಕು."
ಸೈಕಲ್ ಮ್ಯಾಲ ಮನಿ ಮುಟ್ಟೂತನಕ
ಆ ಮಾತು ತಿರುವಿ ತಿರುವಿ ಹಾಕಿದೆ.

ಒಂದು ಡ್ರಮ್ಮಿಗೆ ಎರಡು ಬಾಟಲಿ, ಎ ಮತ್ತ ಬಿ.
ಎರಡೂ ಹಂಗೇ ಕೂಡಿಸಬಾರದಂತ,
ಕೂಡಿದ್ರ ಸುಣ್ಣದಂಗ ತಳಕ್ಕ ಕುಂದರ್ತದ, ಗಿಡಕ್ಕ ದಕ್ಕೂದಿಲ್ಲ.
ನಡುವ ನೀರಿರಬೇಕು.
ನಾನೂ ನಮ್ಮಣ್ಣನೂ ನೆನಪಾದ್ವಿ.
ನಡುವ ಅವ್ವ ಇರೂತನಕ ಛಲೋ ಇತ್ತು.

ನೀರಿನ ಹುಳಿ ನೋಡ್ಲಾಕ ಒಂದು ಕಾಗದದ ಪಟ್ಟಿ,
ಬಣ್ಣ ಆರರ ಆಸುಪಾಸು ಬರಬೇಕು.
ನಮ್ಮ ಬೋರಿಂದು ಎಂಟು. ಬರೂದೇ ಸುಣ್ಣಗಲ್ಲಿನ ಹೊಟ್ಟ್ಯಾಗಿಂದ.
ನಿಂಬಿ ಹಿಂಡಿದ್ವಿ, ಮರುದಿನ ತಿರುಗಿ ಅಲ್ಲೇ.
ಕಡೀಕ ಮಾಳಿಗಿಯ ಮಳಿನೀರು ಕೈಹಿಡೀತು.

ಸ್ಪಂಜಿನಾಗ ಪುಂಡಿ ಬೀಜ.
ಬೆಳಕು ಬಿದ್ರ ಪಾಚಿ ಬರ್ತದಂತ ಪೈಪಿಗೆ ಸುಣ್ಣಾ ಬಳದೆ.

ಇದೆಲ್ಲಾ ಸರಿ. ನನ್ನ ಸಂಕಟ ಬ್ಯಾರೇನೇ ಇತ್ತು:
ಬೇರಂದ್ರ ನನಗ ವೈರಿ.
ಬೇವಿಂದಾಗಲಿ, ಅರಳೀದಾಗಲಿ, ಸಾಂದಿ ಸಿಕ್ಕಲ್ಲಿ
ಕೂದಲೆಳಿ ತೂರಿಸಿ, ಒಳಗೊಳಗೇ ಜಡಿ ಬಿಟ್ಟು
ಓಣಿ ಓಣಿ ಸಂಡಾಸ ಕಟ್ಟಸ್ತಾವ.
ತಂತಿ ಹಾಕಿ, ಬ್ಲೇಡು ಹಾಕಿ ಎಷ್ಟು ಎಳದೀನೋ,
ಕರ್ರಗ, ಗಬ್ಬು ನಾರೂವಂಥಾವು.
ಈಗ ಅದೇ ಕಳ್ಳಗ ನಾನೇ ಬಾಗಿಲಾ ಕೊರದು
ಬಾರಪಾ ಒಳಗ ಅನ್ನಬೇಕು.

ಹನ್ನೆರಡನೇ ದಿನ ಬುಟ್ಟಿ ಎತ್ತಿ ನೋಡಿದೆ.
ಆಗಷ್ಟೇ ಹೊಸದ ಶ್ಯಾವಿಗಿ!
ಜೋತು ಬಿದ್ದಿತ್ತು, ತುದೀಗೆ ಒಂದು ಹನಿ.
ನಾ ಯಾಕ ಬೀಡಿ ಆರಿಸಿದೆ, ಇನ್ನಾ ಗೊತ್ತಿಲ್ಲ.

ಒಂದು ರಾತ್ರಿ ಕರೆಂಟ್ ಹೋತು, ಪಂಪು ನಿಂತಿತು.
ಮಣ್ಣಾದ್ರ ಎರಡು ದಿನ ಉದ್ರಿ ಕೊಡ್ತದ.
ಈ ನೀರಿಗೆ ಆ ಗುಣ ಇಲ್ಲ, ತಾಸು ಎಣಿಸಿ ವಸೂಲಿಗೆ ನಿಲ್ತದ.
ಟೀಚರ್ ಫೋನ್ ಮಾಡಿದ್ರು. ಅವರ ಅತ್ತಿ ಬ್ಯಾಟರಿ ಹಿಡದ್ರು,
ನಾ ಚರಗೀಲೆ ಕೆಳಗಿನ ನೀರು ಮ್ಯಾಲ,
ಮತ್ತ ಹರಿದು ಬಂದದ್ದು ಮ್ಯಾಲ,
ನಸುಕಿನ ಬಾಂಗ್ ಕೇಳೂತನಕ ಸುರುವಿದೆ.
ಅದಕ್ಕ ಕೂಲಿ ಕೇಳಲಿಲ್ಲ. ಅವರೂ ಕೊಡಲಿಲ್ಲ.
ಮುಂದ ಒಂದು ಕಟ್ಟು ಪುಂಡಿ ಕೊಟ್ಟು ಕಳಿಸಿದ್ರು.

ಮಾಪಮ್ಮ ಬ್ಯಾಳಿ ಹಾಕಿ ಕುದಿಸಿ, ರೊಟ್ಟಿಗೆ ಹಚ್ಚಿ,
ಕಣ್ಣು ಮುಚ್ಚಿ ನೋಡಿದಳು:
"ಹುಳಿ ಅದ. ಹೊಲದ ನೆನಪಿಲ್ಲ ಇದಕ."
ಎರಡನೇ ರೊಟ್ಟೀನೂ ಅದಕ್ಕೇ ಹಚ್ಚಿಕೊಂಡಳು.

ಮೊನ್ನೆ ಸಿಮೆಂಟ್ ಫ್ಯಾಕ್ಟರಿ ಕಾಲೋನಿಯಾಗ ಮೋರಿ ಕಟ್ಟಿತ್ತು.
ಸಾಂದಿ ಬಿಚ್ಚಿದೆ. ಬೇವು.
ನಾಕು ಮನಿಯ ಹೊಲಸು ಕುಡದು ಆರಾಮ ಕುಂತಿತ್ತು.
ಎ ಇಲ್ಲ, ಬಿ ಇಲ್ಲ, ಪಟ್ಟಿ ಅದ್ದಿ ನೋಡಿದಾಂವ ಇಲ್ಲ.
ತೊಳದು ನೋಡಿದೆ: ತುದಿ ಬೆಳ್ಳಗ.
"ಏನು ಸಿಕ್ತೋ?" ಮ್ಯಾಲಿಂದ ಒದರಿದ್ರು.
"ಏನಿಲ್ಲರಿ, ಪರಿಚಯದಾಂವ," ಅಂದೆ.

ಬ್ಲೇಡು ಹಾಕಿ ಕೊಯ್ದೆ.
ಮುನ್ನೂರು ಕೊಟ್ರು.