ಉತ್ತರ ಉಂಟು

ಕೊಣಾಜೆಯ ಗುಡ್ಡದ ಮೇಲೆ ಬೆಳಗಿನ ಮೊದಲ ಗಂಟೆ.
ಕನ್ನಡಿಯೊಳಗೆ ಕಂಡ ಹಾಗೆ ತಿರುಗಿದ ಇಂಗ್ಲಿಷಿನ ಇ ಒಂದನ್ನು
ಹಲಗೆಯ ಮೇಲೆ ಬರೆದು ಬಾಳಿಗ ಸರ್ ಕೇಳಿದರು:
ಇದನ್ನು ಹೇಗೆ ಓದುತ್ತೀರಿ?
‘ಉಂಟು’ ಎಂದೆ ನಾನು.
‘ಅದ’ ಎಂದಳು ಪಕ್ಕದಿಂದ ಬೀದರಿನ ಶಿವಲೀಲಾ.
ಎರಡೂ ಸರಿ ಎಂದು ನಕ್ಕರು ಸರ್.
ಎರಡು ವರ್ಷದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಆಮೇಲೆ ಗಂಟೆ ಹೊಡೆಯುವವರೆಗೂ ಸಾಧಿಸಿದೆವು:
ಈ ಸಮೀಕರಣಕ್ಕೆ ಉತ್ತರ ಉಂಟು.
ಒಂದೇ ಉಂಟು.
ಯಾವುದು? ಅದು ಪ್ರಮೇಯಕ್ಕೆ ಸಂಬಂಧವಿಲ್ಲ,
ಬಾಗಿಲು ತೆರೆಯದೆ ಒಳಗಿಂದಲೇ ಕೆಮ್ಮುವ
ಮನೆಯವರ ಹಾಗೆ.

ಸಂಜೆ ಅಮ್ಮನಿಗೆ ಹೇಳಿದೆ.
ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು;
ಬೀಡಿ ಸುತ್ತುವ ಬೆರಳು ನಿಲ್ಲಲಿಲ್ಲ.
‘ನಿನಗೆ ಗಂಡು ತರುವ ಐತಪ್ಪಣ್ಣನೂ ಹೀಗೇ.
ಉಂಟು ಅಂತಾನೆ, ಇಂಥದ್ದು ಒಂದೇ ಉಂಟು ಅಂತಾನೆ.
ಯಾವ ಊರು ಅಂದರೆ ಎಲೆಅಡಿಕೆ ಕೇಳುತ್ತಾನೆ.’

ಏಳನೇ ಪುಟದಲ್ಲಿ ನನ್ನ ಹೈಡ್ರೋಜನ್ನಿನ ಶಕ್ತಿ
ಧನವಾಗಿ ಬಂತು.
ಅಂದರೆ ಎಲೆಕ್ಟ್ರಾನು ಪರಮಾಣುವಿನಲ್ಲಿ ನಿಲ್ಲುವುದಿಲ್ಲ.
ಅಂದರೆ ನೀರಿಲ್ಲ, ನೇತ್ರಾವತಿಯಿಲ್ಲ,
ಈ ಮುಡಿಪಿನ ಬಸ್ಸಿಲ್ಲ, ಅದರ ಕಂಡಕ್ಟರೂ ಇಲ್ಲ.
ಆದರೂ ಅವನು ಚಿಲ್ಲರೆ ಕೇಳುತ್ತಲೇ ಇದ್ದ.

ಎಲ್ಲೋ ಒಂದು ಋಣ ಕಳೆದುಹೋಗಿದೆ.
ಸೊಸೈಟಿಯ ಪುಸ್ತಕದಲ್ಲಿ ಅಮ್ಮನ ಹೆಸರಿನ ಋಣ
ಇಷ್ಟು ಸುಲಭದಲ್ಲಿ ಕಳೆದದ್ದಿಲ್ಲ.
ಬಸ್ಸಿನಲ್ಲಿ ಹುಡುಕಿದೆ. ಮೆಸ್ಸಿನ ಸಾಲಿನಲ್ಲಿ ಹುಡುಕಿದೆ.
ರಾತ್ರಿ ಹಾಸಿಗೆಯಲ್ಲಿ, ಕಣ್ಣು ಮುಚ್ಚಿ, ಸೀಲಿಂಗಿನ ತುಂಬ.
ಸಾವು ಮಾರಾಯ್ತಿ, ಬಿಎಡ್ ಮಾಡಬಹುದಿತ್ತು ಎಂದುಕೊಂಡೆ.
ನಾಲ್ಕನೇ ದಿನ ಸಿಕ್ಕಿತು, ಎರಡನೇ ಪುಟದಲ್ಲಿ:
ಉಗುರಿನಷ್ಟೂ ಇಲ್ಲದ ಅಡ್ಡಗೆರೆ,
ನಾನು ಬರೆದೇ ಇರಲಿಲ್ಲ.

ಲ್ಯಾಬಿನ ಕಥೆ ಬೇರೆ.
ಕಡಲ ಗಾಳಿ ಗುಡ್ಡ ಹತ್ತಿ ಬಂದು
ವರ್ನಿಯರಿನ ತಿರುಪಿಗೆ ತುಕ್ಕು ಹಿಡಿಸುತ್ತದೆ,
ಪಟ್ಟಕದ ಒಂದು ಮುಖಕ್ಕೆ ಬೂಷ್ಟು.
ಸೋಡಿಯಂ ದೀಪ ಕೆಂಪಿನಿಂದ ಹಳದಿಗೆ ಬರುವಷ್ಟರಲ್ಲಿ ಕರೆಂಟಿಲ್ಲ.
ಬಂದರೆ ಮತ್ತೆ ಕೆಂಪಿನಿಂದ ಶುರು.
ಮೂರು ಗುರುವಾರ ಹೀಗೇ ಹೋಯಿತು.
ನಾಲ್ಕನೆಯದರಂದು, ಸೀಳನ್ನು ಕೂದಲಷ್ಟು ಕಿರಿದು ಮಾಡಿ,
ಉಸಿರು ಹಿಡಿದು, ಗ್ರೇಟಿಂಗಿನಾಚೆ ನೋಡಿದೆ.
ಅಷ್ಟು ದಿನ ಒಂದೇ ಎಂದುಕೊಂಡ ಹಳದಿ ಗೆರೆ
ಮೆಲ್ಲಗೆ
ಎರಡಾಯಿತು.

‘ಅಯ್ಯ, ಖರೇನೇ ಎರಡವ!’ ಶಿವಲೀಲಾ
ನನ್ನನ್ನು ತಳ್ಳಿ ಕಣ್ಣಿಟ್ಟಳು. ನಾನು ಅವಳನ್ನು ತಳ್ಳಿದೆ.
ಪುಸ್ತಕದಲ್ಲಿ ನೂರು ಸಲ ಓದಿದ್ದೇ,
ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ.
ಆದರೂ ಯಾರೂ ನಮಗೆ ಹೇಳಿರಲಿಲ್ಲವೇನೋ ಅನ್ನಿಸಿತು.
ಅಟೆಂಡರ್ ಪೂವಪ್ಪ ಬೀಗದ ಗೊಂಚಲು ಕುಲುಕುವವರೆಗೂ
ನೋಡುತ್ತಲೇ ಇದ್ದೆವು.
ರೀಡಿಂಗ್ ಬರೆದುಕೊಳ್ಳಲು ಮರೆತೆವು.
ಬರುವ ಗುರುವಾರ ಇನ್ನೊಮ್ಮೆ, ಎಲ್ಲ ಮೊದಲಿನಿಂದ.

ರಾತ್ರಿ ಗಂಜಿಗೆ ಕುಳಿತಾಗ ಅಮ್ಮ ಹೇಳಿದಳು:
ಬ್ರಾಂಚಿನಲ್ಲಿ ಚೆಕ್ಕರ್ ಇವತ್ತು ಎರಡು ಕಟ್ಟು ಬಿಸಾಡಿದ.
ಬಾಳಿಗ ಸರ್ ನನ್ನ ಏಳು ಪುಟ, ಎಂದೆ.
ಉಪ್ಪಿನಕಾಯಿಯ ಭರಣಿ ನನ್ನ ಕಡೆ ಸರಿಸಿದಳು.

ಸ್ವಲ್ಪ ಹೊತ್ತಿನ ಮೇಲೆ:
‘ಅಲ್ಲ, ಆ ನಿನ್ನ ಎಲೆಕ್ಟ್ರಾನು ಕಡೆಗೆ ನಿಂತಿತಾ?’
ನಿಂತಿತು.
‘ಹಾಗಾದರೆ ನೀರು ಉಂಟಲ್ಲ.
ಹೋಗು, ಬಾವಿಯಿಂದ ಒಂದು ಕೊಡಪಾನ ತಾ.’